ಇಟಾಲಿಯನ್‌ಗೆ ಭಾಷಾಂತರಿಸುವ ಆ್ಯಪ್: ಐದಕ್ಕೆ ಮೂರು ಸ್ಟಾರ್

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ನಮ್ಮದು ಸಣ್ಣ ತೋಟ, ಜೊತೆಗೊಂದು ಹೋಮ್‌ಸ್ಟೇ. ನಮ್ಮ ಕಾಫಿಯನ್ನು ನಾವೇ ಹುರಿದು ಪೊಟ್ಟಣ ಕಟ್ಟಿ ಮಾರುತ್ತೇವೆ. ಭಾರತದ ಕಾಫಿಯನ್ನು ಎಲ್ಲರಿಗಿಂತ ಜಾಸ್ತಿ ಕೊಳ್ಳುವುದು ಇಟಲಿ. ಅಲ್ಲಿಂದ ಬರುವ ಅತಿಥಿಗಳೂ ಇದ್ದಾರೆ. ಅವರಿಗಾಗಿ ಪೊಟ್ಟಣದ ಮೇಲೆ ನಾಲ್ಕು ಸಾಲು ಇಟಾಲಿಯನ್ ಇರಲಿ ಎಂದು ಫೋನಿನಲ್ಲಿ ಸಿಗುವ ಒಂದು ಉಚಿತ ಆ್ಯಪ್ ಹಿಡಿದು ಕೂತೆ. ಹೆಸರು ಬೇಡ ಬಿಡಿ.

ಇಂಗ್ಲಿಷ್‌ನ ಒಂಟಿ ಪದ ಕೊಟ್ಟರೆ ಇದಕ್ಕೆ ದಿಕ್ಕೇ ತೋಚುವುದಿಲ್ಲ. ‘ಬೀನ್’ ಎಂದರೆ ‘ಫಜೋಲೊ’ ಎಂದಿತು. ಅದು ಪಲ್ಯಕ್ಕೆ, ಸಾರಿಗೆ ಹಾಕುವ ಕಾಳಿನ ಜಾತಿ. ‘ರೋಸ್ಟ್’ ಎಂದರೆ ‘ಅರ್ರೋಸ್ತೊ’. ಆ ಪದ ಹಾಕಿ ಚಿತ್ರ ಹುಡುಕಿದೆ, ಬರೀ ಮಾಂಸ! “ಕಾಫಿ ಕೇಳಿದವರಿಗೆ ಹಂದಿ ಫ್ರೈ ಕೊಡಬೇಕಾಗುತ್ತೆ ನೋಡು” ಎಂದು ನಮ್ಮ ಮನೆಯವರು ನಕ್ಕರು. ‘ಗ್ರೌಂಡ್’ಗೆ ನೆಲ, ಮಣ್ಣು ಎಲ್ಲ ಬಂತು, ಪುಡಿ ಮಾತ್ರ ಬರಲಿಲ್ಲ.

ಪೂರ್ತಿ ವಾಕ್ಯ ಕೊಟ್ಟರೆ ಇದೇ ಆ್ಯಪ್ ಬುದ್ಧಿವಂತ. ಅಕ್ಕಪಕ್ಕದಲ್ಲಿ ‘ಕಾಫಿ’ ಎಂಬ ಮಾತು ಕಂಡರೆ ಸಾಕು, ರೋಸ್ಟ್ ಹೋಗಿ ‘ತೊಸ್ತಾತೊ’, ಗ್ರೌಂಡ್ ಹೋಗಿ ‘ಮಾಚಿನಾತೊ’ ಆಗುತ್ತದೆ. ಇಟಲಿಯ ಕಾಫಿ ಪುಡಿ ಪೊಟ್ಟಣಗಳ ಮೇಲೂ ‘ಮಾಚಿನಾತೊ’ ಎಂದೇ ಇರುತ್ತದೆ. ಇಡೀ ಬೀಜವಾದರೆ ‘ಇನ್ ಗ್ರಾನಿ’. ಕಾಫಿ ಬೀಜಕ್ಕೆ ‘ಕಿಕ್ಕೊ’ ಅಂತಲೂ ಅನ್ನುತ್ತಾರೆ. ನಾವು ‘ಚ’ ಓದುವ ಸಿ ಎಚ್ ಅಕ್ಷರಗಳು ಅವರಿಗೆ ‘ಕ’. ಅವರ ಬಾಯಲ್ಲಿ ನಮ್ಮೂರು ಕಿಕ್ಕಮಗಳೂರು ಆದರೆ ಬೇಜಾರು ಮಾಡಿಕೊಳ್ಳಬೇಡಿ.

ತೋಟದ ಹೆಸರಿನ ಕೊನೆಯಲ್ಲಿದ್ದ ‘ಎಸ್ಟೇಟ್’ ಅನ್ನು ಆ್ಯಪ್ ಹಾಗೇ ಬಿಟ್ಟಿತು. ಹೆಸರು ತಾನೇ, ಮುಟ್ಟಬಾರದು ಅಂದುಕೊಂಡಿತೋ ಏನೋ. ಆದರೆ ಅವೇ ಅಕ್ಷರಗಳನ್ನು ಇಟಲಿಯವರು ‘ಎಸ್ತಾತೆ’ ಎಂದು ಓದುತ್ತಾರೆ, ಅಂದರೆ ಬೇಸಿಗೆ. ತೋಟ, ಜಮೀನು ಎನ್ನುವ ಅರ್ಥಕ್ಕೆ ‘ತೆನೂತ’ ಇದೆ. ಅದನ್ನು ನಾನೇ ಕೈಯಾರೆ ಹಾಕಿದೆ.

ಆಫ್‌ಲೈನ್‌ನಲ್ಲಿ ಕೆಲಸ ಮಾಡುವುದು ದೊಡ್ಡ ಅನುಕೂಲ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಕಥೆ ಗೊತ್ತಲ್ವಾ? ಇಟಾಲಿಯನ್ ಫೈಲ್ ಮೊದಲೇ ಇಳಿಸಿಕೊಂಡಿರಿ.

ಸ್ಟಾರ್ ಕಡಿಮೆಯಾಗಿದ್ದು ‘ಚೆರ್ರಿ’ಯಿಂದ. ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್‌ ಯಂತ್ರಕ್ಕೆ ಹಾಕಿ, ತೊಳೆದು ಒಣಗಿಸಿದರೆ ನಮಗೆ ಪಾರ್ಚ್‌ಮೆಂಟ್. ಹಣ್ಣು ಹಣ್ಣಾಗೇ ಕಣದಲ್ಲಿ ಒಣಗಿದರೆ ಚೆರ್ರಿ. ವಾಕ್ಯ ಎಷ್ಟೇ ಉದ್ದ ಬರೆದರೂ ಆ್ಯಪ್‌ಗೆ ಈ ಅರ್ಥ ಹೊಳೆಯಲಿಲ್ಲ, ಕೇಕಿನ ಮೇಲಿಡುವ ಹಣ್ಣನ್ನೇ ಮುಂದಿಟ್ಟಿತು. ಪಾರ್ಚ್‌ಮೆಂಟ್‌ಗೆ ‘ಪೆರ್ಗಮೇನ’ ಎಂದಿತು, ಅದು ಹಳೇ ಕಾಲದಲ್ಲಿ ಬರೆಯುತ್ತಿದ್ದ ಚರ್ಮದ ಹಾಳೆ. ಇಂಗ್ಲಿಷ್‌ನಲ್ಲೇ ಪಾರ್ಚ್‌ಮೆಂಟ್ ಬದಲು ‘ವಾಶ್ಡ್’, ಚೆರ್ರಿ ಬದಲು ‘ನ್ಯಾಚುರಲ್’ ಎಂದು ಕೊಟ್ಟಾಗ ‘ಲವಾತೊ’, ‘ನತುರಾಲೆ’ ಎಂದು ಸರಿಯಾಗಿ ಬಂತು. ಪೊಟ್ಟಣ ಅಚ್ಚಾಗಿದ್ದು ಹಾಗೇ.