ಬಕೆಟ್ ಲೆಕ್ಕದ ಆ್ಯಪ್: ಗಣಿತ ಬರುತ್ತದೆ, ಅನುಮಾನ ಪಡೋಕೆ ಬರಲ್ಲ

ಬಕೆಟ್ ಆಕಾರದ ಪಾತ್ರೆ ಇಷ್ಟೇ ಲೀಟರ್ ಹಿಡಿಯಬೇಕು, ಹಾಗಾದರೆ ಅಳತೆ ಎಷ್ಟಿರಬೇಕು? ಈ ತಲೆನೋವಿಗೆಂದೇ ಇರುವ ಒಂದು ಉಚಿತ ಆ್ಯಪ್ ಹಾಕಿಕೊಂಡು ವಾರ ಪೂರ್ತಿ ಬಳಸಿದೆ. ಐದಕ್ಕೆ ಮೂರು ಸ್ಟಾರ್.

ಘನಫಲ ಒಂದನ್ನೇ ಕೊಟ್ಟರೆ ಇದು ಉತ್ತರ ಕೊಡುವುದಿಲ್ಲ. ಕೊಡಲೂಬಾರದು. ಶಾಲೆಯಲ್ಲಿ ಶಂಕುವಿನ ಭಿನ್ನಕ (ಚೂಪು ತುದಿ ಕತ್ತರಿಸಿದ ಶಂಕು) ಅಂತ ಓದಿದ್ದೆವಲ್ಲ, ಅದೇ ಇದು. ಬಾಯಿಯ ತ್ರಿಜ್ಯ, ತಳದ ತ್ರಿಜ್ಯ, ಎತ್ತರ ಅಂತ ಮೂರು ಅಳತೆ ಇರುತ್ತವೆ, ಅಷ್ಟೇ ನೀರು ಹಿಡಿಯುವ ಬಕೆಟ್ ಕುಳ್ಳಗೆ ಅಗಲವಾಗಿಯೂ ಇರಬಹುದು, ಎತ್ತರಕ್ಕೆ ಸಪೂರವಾಗಿಯೂ ಇರಬಹುದು. ಎರಡನ್ನು ನಾವು ಹೇಳಬೇಕು, ಮೂರನೆಯದನ್ನು ಅದು ಹುಡುಕುತ್ತದೆ.

10 ಲೀಟರ್, ಬಾಯಿ 28 ಸೆಂ.ಮೀ., ತಳ 20 ಅಂತ ಹಾಕಿದೆ. ಎತ್ತರ 5.5 ಸೆಂ.ಮೀ. ಅಂತು! ಅದು ಬಕೆಟ್ಟೋ ತಟ್ಟೆಯೋ? ಆಮೇಲೆ ಗೊತ್ತಾಯಿತು, ಅದು ಕೇಳಿದ್ದು ತ್ರಿಜ್ಯ, ನಾನು ಕೊಟ್ಟಿದ್ದು ವ್ಯಾಸ. ತಪ್ಪು ನನ್ನದೇ ಇರಬಹುದು, ಆದರೆ ಖಾನೆಯ ಮೇಲೆ ಬರೀ ‘ಮೇಲೆ’, ‘ಕೆಳಗೆ’ ಅಂತ ಬರೆದಿದ್ದರೆ ಯಾರಿಗೆ ತಿಳಿಯಬೇಕು? ಟೇಪ್ ಹಿಡಿದು ಅಳೆದಾಗ ಸಿಗುವುದು ವ್ಯಾಸ ತಾನೇ.

14 ಮತ್ತು 10 ಹಾಕಿದ ಮೇಲೆ 21.9 ಸೆಂ.ಮೀ. ಬಂತು. ನಂಬಿಕೆ ಸಾಲದೆ ಕಾಗದದಲ್ಲೂ ಮಾಡಿದೆ. 14ರ ವರ್ಗ 196, 10ರ ವರ್ಗ 100, 14ನ್ನು 10ರಿಂದ ಗುಣಿಸಿದರೆ 140, ಎಲ್ಲ ಸೇರಿ 436. 10 ಲೀಟರ್ ಅಂದರೆ 10,000 ಘನ ಸೆಂ.ಮೀ. ಅದರ ಮೂರು ಪಟ್ಟನ್ನು 436ರಿಂದ ಒಮ್ಮೆ, ಪೈನಿಂದ ಒಮ್ಮೆ ಭಾಗಿಸಿದೆ. ಅದೇ 21.9. ಎತ್ತರ ಕೊಟ್ಟು ತಳದ ತ್ರಿಜ್ಯ ಕೇಳಿದರೆ ವರ್ಗ ಸಮೀಕರಣ ಬಿಡಿಸಬೇಕಾಗುತ್ತದೆ, ಕೈಯಲ್ಲಿ ಮಾಡೋಕೆ ಬೇಜಾರು. ಅಲ್ಲಿ ಆ್ಯಪ್ ನಿಜಕ್ಕೂ ಉಪಕಾರಿ.

ಆದರೆ ಸುಮ್ನೆ ಕೆಣಕೋಣ ಅಂತ ಬಾಯಿಯ ತ್ರಿಜ್ಯ 14, ಎತ್ತರ 22, ಘನಫಲ 4 ಲೀಟರ್ ಅಂತ ಕೊಟ್ಟೆ. ತಳದ ತ್ರಿಜ್ಯ ಮೈನಸ್ 1.84 ಅಂತೆ! ಆ ಬಾಯಿಗೆ, ಆ ಎತ್ತರಕ್ಕೆ ತಳವೇ ಇಲ್ಲದ ಚೂಪು ಶಂಕು ಮಾಡಿದರೂ ಸುಮಾರು 4.5 ಲೀಟರ್ ಹಿಡಿಯುತ್ತದೆ, ಅದಕ್ಕಿಂತ ಕಡಿಮೆ ಕೇಳಿದರೆ ‘ಆಗಲ್ಲ’ ಅನ್ನಬೇಕಿತ್ತು ಅಲ್ವಾ? ಎಚ್ಚರಿಕೆ ಇಲ್ಲ, ಕೆಂಪು ಬಣ್ಣವೂ ಇಲ್ಲ. ಒಂದು ಸ್ಟಾರ್ ಹೋಗಿದ್ದು ಇಲ್ಲೇ.

ಇನ್ನೊಂದು ಹೋಗಿದ್ದು ಗೆರೆಗಳ ವಿಷಯಕ್ಕೆ. ಪಾತ್ರೆಯ ಒಳಗೆ ಲೀಟರ್ ಗುರುತು ಹಾಕುವವರಿಗೆ ಇದರಲ್ಲಿ ಏನೂ ಇಲ್ಲ. ಮೇಲಿನ 10 ಲೀಟರ್ ಬಕೆಟ್‌ನ ಅರ್ಧ ಎತ್ತರಕ್ಕೆ ಗೆರೆ ಎಳೆದರೆ ಅಲ್ಲಿಯವರೆಗೆ ಸುಮಾರು 4.2 ಲೀಟರ್ ಮಾತ್ರ, ಯಾಕೆಂದರೆ ಕೆಳಭಾಗ ಸಣ್ಣ. 5 ಲೀಟರ್ ಗೆರೆ ತಳದಿಂದ 12.7 ಸೆಂ.ಮೀ. ಮೇಲೆ ಬರಬೇಕು, ಅದನ್ನು ಕೊನೆಗೂ ನಾನೇ ಲೆಕ್ಕ ಹಾಕಿ ಮಾರ್ಕರ್‌ನಲ್ಲಿ ಎಳೆದೆ.