ಮನೆ ತೆರಿಗೆ: ಸ್ಯಾನ್ ಹೋಸೆನಾ, ಆಸ್ಟಿನ್ನಾ?

ಸ್ಯಾನ್ ಹೋಸೆ ಇರುವ ಕ್ಯಾಲಿಫೋರ್ನಿಯಾದಲ್ಲಿ, ಮತದಾರರು 1978ರಲ್ಲಿ ಒಪ್ಪಿದ ಪ್ರಾಪ್ 13 ಎಂಬ ಕಾನೂನಿನ ಪ್ರಕಾರ ಮೂಲ ತೆರಿಗೆ 1%. ನೀವು ಕೊಂಡ ಬೆಲೆಯೇ ಆಧಾರ. ತೆರಿಗೆ ಲೆಕ್ಕದಲ್ಲಿ ಅದು ವರ್ಷಕ್ಕೆ 2%ಗಿಂತ ಜಾಸ್ತಿ ಏರುವಂತಿಲ್ಲ. ಮನೆ ಕೈ ಬದಲಾದಾಗ ಹೊಸ ಮೌಲ್ಯಮಾಪನ. ಹಾಗಾಗಿ 15 ಲಕ್ಷ ಡಾಲರ್ ಕೊಟ್ಟ ನೀವು ವರ್ಷಕ್ಕೆ 15,000 ಡಾಲರ್ ಕಟ್ಟುತ್ತೀರಿ, ಸ್ಥಳೀಯ ಬಾಂಡ್‌ಗಳ (ಊರು, ಶಾಲೆಗಳು ಎತ್ತಿದ ಸಾಲ) ತೆರಿಗೆ ಬೇರೆ. 1980ರಲ್ಲಿ ಕೊಂಡ ಪಕ್ಕದ ಮನೆಯವರು ಅದರಲ್ಲಿ ಸಣ್ಣ ಪಾಲು ಕಟ್ಟುತ್ತಾರೆ. ಅನ್ಯಾಯ ಅಲ್ವಾ? ಇಲ್ಲಿ ಶಾಲೆಗಳಿಗೆ ಹೆಚ್ಚಿನ ಹಣ ರಾಜ್ಯದಿಂದಲೇ.

ಆಸ್ಟಿನ್ ಇರುವ ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಆದರೆ ಮನೆ ತೆರಿಗೆಯ ದರ ಜಾಸ್ತಿ, ಮೌಲ್ಯವೂ ಆಗಾಗ ಬದಲಾಗುತ್ತದೆ. ನೀವೇ ವಾಸಿಸುವ ಸ್ವಂತ ಮನೆಗೆ ತೆರಿಗೆ ಲೆಕ್ಕದ ಮೌಲ್ಯದ ಏರಿಕೆಯ ಮಿತಿ ವರ್ಷಕ್ಕೆ 10%. ಬಿಲ್ಲಿನ ದೊಡ್ಡ ಪಾಲು ಶಾಲೆಗೆ. ಆಸ್ಟಿನ್‌ನಂಥ ಶ್ರೀಮಂತ ಶಾಲಾ ಜಿಲ್ಲೆಗಳು ಅದರಲ್ಲಿ ಒಂದಷ್ಟನ್ನು ರಾಜ್ಯಕ್ಕೂ ಕೊಡಬೇಕು.

ಹದಿನೈದು ವರ್ಷ ಒಂದೇ ಕಡೆ ಇರುವವರಿಗೆ ನಾನು ಕ್ಯಾಲಿಫೋರ್ನಿಯಾ ಅಂತೀನಿ. ಆಸ್ಟಿನ್ ಆದರೆ ಮನೆಯ ಹೊಸ ಮೌಲ್ಯದ ನೋಟಿಸ್ ನೋಡಿ ಸುಮ್ನೆ ಕೂರಬೇಡಿ, ಸಾಮಾನ್ಯವಾಗಿ ಮೇ 15ರೊಳಗೆ ಆಕ್ಷೇಪಣೆ ಹಾಕಬೇಕು.