ಫೋನಿಗೆ ಹಾರ್ಡ್ ಡಿಸ್ಕ್ ಜೋಡಿಸುವ ನಾಲ್ಕು ದಾರಿ: ಬಳಸಿ ನೋಡಿದ ಮೇಲೆ

ಯಕ್ಷಗಾನದ ಆಟ ರೆಕಾರ್ಡ್ ಮಾಡುವವರಿಗೆಲ್ಲ ಗೊತ್ತಿರುವ ತಾಪತ್ರಯ ಇದು. ಫುಲ್ ಎಚ್‌ಡಿ ವಿಡಿಯೊ ನಿಮಿಷಕ್ಕೆ ಸುಮಾರು 130 ಎಂಬಿ ನುಂಗುತ್ತದೆ, ಗಂಟೆಗೆ ಹೆಚ್ಚುಕಡಿಮೆ 8 ಜಿಬಿ. ಕಾಲಮಿತಿಯ ಆಟವಾದರೆ ಹೇಗೋ ಸುಧಾರಿಸಬಹುದು. ಬೆಳಗಿನ ತನಕದ ಬಯಲಾಟವಾದರೆ 50 ಜಿಬಿ ದಾಟಿಬಿಡುತ್ತದೆ. 128 ಜಿಬಿಯ ಫೋನಿನಲ್ಲಿ ಸಿಸ್ಟಮ್, ವಾಟ್ಸಾಪ್, ಮನೆಯ ಫೋಟೊ ಎಲ್ಲ ಕಳೆದರೆ ಉಳಿಯುವುದೇ ಅಷ್ಟು. ಮರುದಿನ ಇನ್ನೊಂದು ಊರಲ್ಲಿ ಆಟ ಇದೆ ಎಂದರೆ ಅಷ್ಟರೊಳಗೆ ಫೋನ್ ಖಾಲಿಯಾಗಲೇಬೇಕು. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ತಿರುಗಾಟ ಮುಗಿಯುವ ಪತ್ತನಾಜೆವರೆಗೂ ಇದೇ ಕಥೆ.

ಲ್ಯಾಪ್‌ಟಾಪ್ ಒಯ್ದರೆ ಆಯಿತಲ್ಲ ಎನ್ನುವವರಿದ್ದಾರೆ. ಗದ್ದೆಯ ನಡುವೆ, ಮಂಜು ಬೀಳುವ ಹೊತ್ತಿನಲ್ಲಿ, ಬೈಕಿನಲ್ಲಿ ಬಂದವರಿಗೆ ಅದು ಆಗುಹೋಗುವ ಮಾತಲ್ಲ. ಫೋನಿನಿಂದ ನೇರವಾಗಿ ಡಿಸ್ಕಿಗೆ ದಾಟಿಸಬೇಕು. ಅದಕ್ಕೆ ನಾಲ್ಕು ದಾರಿಗಳನ್ನು ಬೇರೆ ಬೇರೆ ಫೋನುಗಳಲ್ಲಿ ಬಳಸಿ ನೋಡಿದ್ದೇನೆ: ಬರೀ ಓಟಿಜಿ ಅಡಾಪ್ಟರ್ (ಫೋನಿನ ಚಾರ್ಜಿಂಗ್ ಪೋರ್ಟಿಗೆ ಡಿಸ್ಕ್, ಪೆನ್‌ಡ್ರೈವ್ ಜೋಡಿಸುವ ಸಣ್ಣ ತುಂಡು), ಹೊರಗಿನಿಂದ ಕರೆಂಟ್ ತೆಗೆದುಕೊಳ್ಳುವ ಹಬ್ (ಒಂದೇ ಪೋರ್ಟನ್ನು ಹಲವು ಮಾಡುವ ಪೆಟ್ಟಿಗೆ), ಮನೆಯ ವೈಫೈ ರೂಟರ್, ಮತ್ತು ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲೇ ಬರೆದಿಡುವ ಡಿಸ್ಕ್. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ತಿರುಗುವ ಹಾರ್ಡ್ ಡಿಸ್ಕ್ ಈಗಾಗಲೇ ಕೈಯಲ್ಲಿದ್ದರೆ ಕೇಬಲ್ ಮೇಲೆ ಕೇಬಲ್ ಕೊಳ್ಳುತ್ತಾ ಹೋಗಬೇಡಿ, ಹಬ್ ಕೊಳ್ಳಿ. ಈ ಕೆಲಸದಲ್ಲಿ ಕೈಕೊಡುವುದು ಹೆಚ್ಚಾಗಿ ಕರೆಂಟೇ.

ಅಡಾಪ್ಟರ್ ಹಾಕಿ ನೇರ ಜೋಡಿಸುವುದು ಎಲ್ಲರೂ ಮೊದಲು ಮಾಡುವ ಕೆಲಸ, ಅಗ್ಗ ಕೂಡ. ಆಂಡ್ರಾಯ್ಡ್ 2011ರಲ್ಲಿ, 3.1 ಆವೃತ್ತಿಯಿಂದಲೇ ಯುಎಸ್‌ಬಿ ಹೋಸ್ಟ್ ಆಗುವುದನ್ನು, ಅಂದರೆ ಕಂಪ್ಯೂಟರಿನಂತೆ ಬೇರೆ ಸಾಧನಗಳನ್ನು ತಾನೇ ನಡೆಸುವುದನ್ನು ಕಲಿತಿದೆ. ಐಫೋನ್‌ನ ಫೈಲ್ಸ್ ಆ್ಯಪ್ ಹೊರಗಿನ ಡಿಸ್ಕ್ ತೆರೆಯತೊಡಗಿದ್ದು 2019ರಲ್ಲಿ, ಐಓಎಸ್ 13 ಬಂದಾಗ. ಹಳೆಯ ಮೈಕ್ರೊ ಯುಎಸ್‌ಬಿಯಲ್ಲಿ ಓಟಿಜಿ ಅಡಾಪ್ಟರಿನೊಳಗೆ ಐಡಿ ಎಂಬ ನಾಲ್ಕನೆಯ ಪಿನ್ನನ್ನು ಗ್ರೌಂಡಿಗೆ ಸೇರಿಸಿರುತ್ತಿದ್ದರು. ಟೈಪ್-ಸಿಯಲ್ಲಿ ಸಿಸಿ ಎಂಬ ತಂತಿಗೆ 5.1 ಕಿಲೋಓಮ್‌ನ ರೆಸಿಸ್ಟರ್ ಕೂರಿಸಿರುತ್ತಾರೆ. ಅದನ್ನು ಕಂಡಾಗ ಫೋನು ‘ಈಗ ನಾನು ಕರೆಂಟ್ ಕೊಡಬೇಕು’ ಎಂದು ತಿಳಿಯುತ್ತದೆ. ಒಪ್ಪೊ, ವಿವೊ, ರಿಯಲ್‌ಮಿ, ಒನ್‌ಪ್ಲಸ್ ಫೋನುಗಳಲ್ಲಿ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ಗೆ ಹೋಗಿ ಓಟಿಜಿಯನ್ನು ಆನ್ ಮಾಡಬೇಕು. ಹತ್ತು ನಿಮಿಷ ಬಳಸದಿದ್ದರೆ ಅದು ತಾನಾಗಿ ಆಫ್ ಆಗುತ್ತದೆ. ಅಡಾಪ್ಟರ್ ಹಾಳಾಗಿದೆ ಎಂದು ಅಂಗಡಿಗೆ ವಾಪಸ್ ಒಯ್ಯುವ ಮುಂಚೆ ಇದೊಂದನ್ನು ನೋಡಿಕೊಳ್ಳಿ.

ಪೆನ್‌ಡ್ರೈವ್ ಆದರೆ ಇಷ್ಟಕ್ಕೇ ಕೆಲಸ ಮುಗಿಯಿತು. ಹಾರ್ಡ್ ಡಿಸ್ಕ್ ಹಾಗಲ್ಲ. ಎರಡೂವರೆ ಇಂಚಿನ ಪೋರ್ಟಬಲ್ ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ 5,400 ಸುತ್ತಿನ ಆಸುಪಾಸು ತಿರುಗಬೇಕು. ನಿಂತಿದ್ದ ತಟ್ಟೆ ಆ ವೇಗ ಹಿಡಿಯುವ ಮೊದಲ ಕೆಲವು ಸೆಕೆಂಡುಗಳಲ್ಲಿ ಅದು 1 ಆಂಪಿಯರ್ ಹತ್ತಿರ ಎಳೆಯುತ್ತದೆ. ಯುಎಸ್‌ಬಿ 2.0 ಲೆಕ್ಕದಲ್ಲಿ ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಲೆಕ್ಕದಲ್ಲಿ 900. ಅದಕ್ಕಿಂತ ಹೆಚ್ಚು ಕೊಡುವ ಫೋನುಗಳೂ ಇವೆ, ಅಷ್ಟನ್ನೂ ಕೊಡಲು ಒದ್ದಾಡುವ ಫೋನುಗಳೂ ಇವೆ.

ಕರೆಂಟ್ ಸಾಕೋ ಸಾಲದೋ ಎಂಬುದು ಸ್ಕ್ರೀನ್ ನೋಡುವ ಮುಂಚೆ ಕಿವಿಗೇ ಗೊತ್ತಾಗುತ್ತದೆ. ಡಿಸ್ಕನ್ನು ಅಂಗೈ ಮೇಲಿಟ್ಟು ಕೇಬಲ್ ಸಿಕ್ಕಿಸಿ. ಎಲ್ಲ ಸರಿಯಿದ್ದರೆ ಸಣ್ಣ ನಡುಕವೊಂದು ಬಂದು, ಗುಂಯ್ ಎನ್ನುವ ಸದ್ದು ಮೇಲೇರಿ ಒಂದೇ ಶ್ರುತಿಯಲ್ಲಿ ನಿಲ್ಲುತ್ತದೆ. ಆಮೇಲೆ ಕರಕರ ಎಂದು, ತಟ್ಟೆಯ ಮೇಲೆ ಓದಿ ಬರೆಯುವ ಹೆಡ್ ಓಡಾಡುವುದು ಕೇಳುತ್ತದೆ. ಕರೆಂಟ್ ಸಾಲದಿದ್ದರೆ ಆ ಗುಂಯ್ ಅರ್ಧಕ್ಕೇರಿ ಕುಸಿಯುತ್ತದೆ, ಟಿಕ್ ಎಂದು ಹೆಡ್ ಹಿಂದಕ್ಕೆ ಸರಿಯುತ್ತದೆ, ಮತ್ತೆ ಮೊದಲಿನಿಂದ ಶುರು. ಲೈಟು ಹೊತ್ತಿ ಆರುತ್ತದೆ. ಫೋನಿನಲ್ಲಿ ‘ಯುಎಸ್‌ಬಿ ಡ್ರೈವ್ ಸಿಕ್ಕಿದೆ’ ಎಂಬ ನೋಟಿಫಿಕೇಶನ್ ಬಂದು ಮಾಯವಾಗುತ್ತದೆ. ಆ ಟಿಕ್ ಕೇಳಿದರೆ ತಕ್ಷಣ ಕೇಬಲ್ ತೆಗೆಯಿರಿ, ಇನ್ನೊಮ್ಮೆ ನೋಡೋಣ ಎಂದು ಚುಚ್ಚುತ್ತಾ ಕೂರಬೇಡಿ. ಹೀಗೆ ಅರ್ಧಂಬರ್ಧ ಕರೆಂಟಿನಲ್ಲಿ ನಿಂತು ಹೊರಡುವುದು ಡಿಸ್ಕಿಗೆ ಒಳ್ಳೆಯದಲ್ಲ.

ಓಡಿಸುವ ಫೋನ್ ಸಿಕ್ಕಿತು ಎಂದುಕೊಳ್ಳಿ. ಆಗ ಬ್ಯಾಟರಿಯ ಪ್ರಶ್ನೆ. ಬರೆಯುವಾಗ ಡಿಸ್ಕ್ ಎರಡು, ಎರಡೂವರೆ ವಾಟ್ ತಿನ್ನುತ್ತದೆ. 5,000 ಎಂಎಎಚ್ ಬ್ಯಾಟರಿಯಲ್ಲಿ ಇರುವುದು ಸುಮಾರು 19 ವಾಟ್-ಅವರ್. ಅಂದರೆ ಡಿಸ್ಕ್ ಒಂದಕ್ಕೇ ಗಂಟೆಗೆ ಶೇಕಡಾ 13ರ ಹತ್ತಿರ ಹೋಯಿತು, ಫೋನಿನ ಖರ್ಚು ಬೇರೆ. ರಾತ್ರಿಯಿಡೀ ರೆಕಾರ್ಡ್ ಮಾಡಿ ಬ್ಯಾಟರಿ 15ಕ್ಕೆ ಇಳಿದ ಫೋನಿನಲ್ಲಿ 50 ಜಿಬಿ ದಾಟಿಸಲು ಹೊರಟರೆ ಅರ್ಧದಲ್ಲಿ ನಿಲ್ಲುವ ಅಪಾಯ ಇದ್ದೇ ಇದೆ. ಸಾದಾ ಅಡಾಪ್ಟರಿನಲ್ಲಿ ಇರುವ ಒಂದೇ ಪೋರ್ಟ್ ಡಿಸ್ಕಿಗೆ ಹೋದ ಮೇಲೆ ಚಾರ್ಜರ್ ಹಾಕುವುದೆಲ್ಲಿ?

ಹಬ್ ಗೆಲ್ಲುವುದು ಇಲ್ಲೇ. ಕೊಳ್ಳುವಾಗ ‘ಪಿಡಿ’ (ಪವರ್ ಡೆಲಿವರಿ, ಯುಎಸ್‌ಬಿಯಲ್ಲಿ ಹೆಚ್ಚು ಕರೆಂಟ್ ಕೊಡುವ ಪದ್ಧತಿ) ಎಂದು ಬರೆದಿರುವ ಟೈಪ್-ಸಿ ಇನ್‌ಪುಟ್ ಇದೆಯೇ ನೋಡಿ, ಅದಿಲ್ಲದ ಹಬ್ ನಮ್ಮ ಉಪಯೋಗಕ್ಕಿಲ್ಲ. ಆ ಇನ್‌ಪುಟ್ಟಿಗೆ ಪಿಡಿ ಔಟ್‌ಪುಟ್ ಇರುವ ಪವರ್ ಬ್ಯಾಂಕ್ ಹಾಕಿದರೆ ಡಿಸ್ಕ್ ಅಲ್ಲಿಂದಲೇ ತಿರುಗುತ್ತದೆ, ಫೋನೂ ಚಾರ್ಜ್ ಆಗುತ್ತಿರುತ್ತದೆ. ನೇರ ಜೋಡಿಸಿದಾಗ ಟಿಕ್ ಟಿಕ್ ಎನ್ನುತ್ತಿದ್ದ ಅದೇ ಡಿಸ್ಕ್ ಹಬ್ ಮೂಲಕ ಒಂದೇ ಶ್ರುತಿಯಲ್ಲಿ ನಿಂತದ್ದು ನೋಡಿದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಒಂದೆರಡು ಸಾವಿರ ರೂಪಾಯಿಯೊಳಗೆ ಒಳ್ಳೆಯ ಹಬ್ ಸಿಗುತ್ತದೆ. ಜೋಡಿಸುವುದಕ್ಕೆ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಪವರ್ ಬ್ಯಾಂಕ್, ಆಮೇಲೆ ಡಿಸ್ಕ್, ಸದ್ದು ಒಂದೇ ಶ್ರುತಿಗೆ ಬಂದು ನಿಂತ ಮೇಲೆ ಫೋನು. ಕಾಪಿ ನಡೆಯುತ್ತಿರುವಾಗ ಪವರ್ ಬ್ಯಾಂಕನ್ನು ಮುಟ್ಟುವುದೇ ಇಲ್ಲ. ಯಾಕೆಂದರೆ ಚಾರ್ಜರ್ ತೆಗೆದು ಹಾಕಿದ ಕ್ಷಣ ಹಬ್ಬೂ ಫೋನೂ ವೋಲ್ಟೇಜಿನ ಮಾತುಕತೆ ಹೊಸದಾಗಿ ಶುರುಮಾಡುತ್ತವೆ, ಆ ನಡುವೆ ಡಿಸ್ಕಿನ ಸಂಪರ್ಕ ತಪ್ಪಬಹುದು. ವೇಷ ಕಟ್ಟುವ ಚೌಕಿಯ ಪಕ್ಕದ ಜನರೇಟರಿನಿಂದ ಬರುವ ಲೈನಿಗೆ ಚಾರ್ಜರ್ ಹಾಕುವುದಕ್ಕಿಂತ ಪವರ್ ಬ್ಯಾಂಕನ್ನೇ ನಾನು ನೆಚ್ಚುವುದು ಇದೇ ಕಾರಣಕ್ಕೆ.

ಹಬ್ಬಿಗೂ ಒಂದು ಮಿತಿ ಇದೆ. ಕೆಲವು ಫೋನುಗಳು ಹಬ್ಬಿನಿಂದ ಚಾರ್ಜ್ ಬರತೊಡಗಿದ ಕೂಡಲೇ ಡಿಸ್ಕನ್ನು ಕೈಬಿಡುತ್ತವೆ. ಒಂದೇ ಹೊತ್ತಿನಲ್ಲಿ ಚಾರ್ಜ್ ತೆಗೆದುಕೊಂಡು ಹೋಸ್ಟ್ ಆಗಿಯೂ ಇರುವುದು ಅವುಗಳಿಗೆ ಬರುವುದಿಲ್ಲ. ನಿಮ್ಮ ಫೋನನ್ನೇ ಅಂಗಡಿಗೆ ಒಯ್ದು ಅಲ್ಲೇ ಪರೀಕ್ಷಿಸಿ ಕೊಳ್ಳಿ, ಇಲ್ಲವೇ ವಾಪಸ್ ಮಾಡಲು ಅವಕಾಶವಿರುವ ಕಡೆ ಕೊಳ್ಳಿ.

ಇನ್ನು ವೇಗ. ಪೋರ್ಟಿನ ಆಕಾರ ಟೈಪ್-ಸಿ ಆದ ಮಾತ್ರಕ್ಕೆ ವೇಗ ಬರುವುದಿಲ್ಲ. ಮಧ್ಯಮ ಬೆಲೆಯ ಬಹಳಷ್ಟು ಫೋನುಗಳಲ್ಲಿ ಟೈಪ್-ಸಿ ಹಿಂದೆ ಇರುವುದು ಯುಎಸ್‌ಬಿ 2.0. ಐಫೋನ್ 15 ಕೂಡ ಯುಎಸ್‌ಬಿ 2.0 ವೇಗದ್ದೇ, 15 ಪ್ರೊದಲ್ಲಿ ಮಾತ್ರ ಸೆಕೆಂಡಿಗೆ 10 ಗಿಗಾಬಿಟ್‌ನ ಯುಎಸ್‌ಬಿ 3. ಯುಎಸ್‌ಬಿ 2.0ರಲ್ಲಿ ಕೈಗೆ ಸಿಗುವ ವೇಗ ಸೆಕೆಂಡಿಗೆ 30ರಿಂದ 40 ಎಂಬಿ, ಅಂದರೆ 50 ಜಿಬಿಗೆ 25 ನಿಮಿಷದ ಹತ್ತಿರ. ಯುಎಸ್‌ಬಿ 3 ಇರುವ ಫೋನಿನಲ್ಲಿ ಅದೇ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ದಾಟುತ್ತದೆ, ಎಂಟೊಂಬತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ನಡುವೆ ಹಾಕುವ ಕೇಬಲ್ಲೂ ಯುಎಸ್‌ಬಿ 3ರದ್ದೇ ಇರಬೇಕು. ಚಾರ್ಜರಿನ ಜೊತೆ ಬರುವ ಸಿ-ಟು-ಸಿ ಕೇಬಲ್ಲುಗಳಲ್ಲಿ ಸಾಮಾನ್ಯವಾಗಿ ವೇಗದ ತಂತಿಗಳೇ ಇರುವುದಿಲ್ಲ. 100 ವಾಟ್ ಎಂದು ಬರೆದಿದ್ದರೂ ಡೇಟಾ ಮಾತ್ರ ಆಮೆ.

ಹೊಸದಾಗಿ ಶುರುಮಾಡುವವರು ಎಡವುವ ಇನ್ನೊಂದು ಜಾಗ ಡಿಸ್ಕಿನ ಫಾರ್ಮ್ಯಾಟ್, ಅಂದರೆ ಅದರೊಳಗೆ ಫೈಲುಗಳನ್ನು ಜೋಡಿಸಿಡುವ ಪದ್ಧತಿ. ವಿಂಡೋಸ್ ಕಂಪ್ಯೂಟರಿನಲ್ಲಿ ಬಳಸುತ್ತಿದ್ದ ಡಿಸ್ಕ್ ಸಾಮಾನ್ಯವಾಗಿ ಎನ್‌ಟಿಎಫ್‌ಎಸ್‌ನಲ್ಲಿರುತ್ತದೆ, ಬಹುತೇಕ ಆಂಡ್ರಾಯ್ಡ್ ಫೋನುಗಳು ಅದನ್ನು ನೇರವಾಗಿ ತೆರೆಯುವುದಿಲ್ಲ. ಆಗ ಬರುವ ನೋಟಿಫಿಕೇಶನ್ ಬಗ್ಗೆ ಜೋರಾಗಿಯೇ ಹೇಳಬೇಕಾಗಿದೆ. ‘ಈ ಡ್ರೈವ್‌ಗೆ ಬೆಂಬಲವಿಲ್ಲ, ಸೆಟಪ್ ಮಾಡಲು ಟ್ಯಾಪ್ ಮಾಡಿ’ ಎಂಬರ್ಥದ ಮಾತು ಅದರಲ್ಲಿರುತ್ತದೆ. ಸೆಟಪ್ ಎಂದರೆ ಅಲ್ಲಿ ಫಾರ್ಮ್ಯಾಟ್. ಒತ್ತಿ ಮುಂದೆ ಹೋದರೆ ಡಿಸ್ಕಿನಲ್ಲಿದ್ದ ಹಿಂದಿನ ವರ್ಷಗಳ ಆಟಗಳೆಲ್ಲ ಹೋದಂತೆಯೇ. ಹಿರಿಯ ಭಾಗವತರೊಬ್ಬರ ಪದ್ಯ ಇನ್ನೆಲ್ಲೂ ರೆಕಾರ್ಡ್ ಆಗಿರದೇ ಇದ್ದರೆ ಅದು ಶಾಶ್ವತವಾಗಿ ಹೋಯಿತು. ದಯವಿಟ್ಟು ಅದನ್ನು ಒತ್ತಬೇಡಿ. ಮನೆಗೆ ಬಂದು, ಇರುವುದನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿಟ್ಟು, ಕಂಪ್ಯೂಟರಿನಲ್ಲಿ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟಿಗೆ ಬದಲಾಯಿಸಿಕೊಳ್ಳಿ. ಅವಸರವಿದ್ದರೆ ಎನ್‌ಟಿಎಫ್‌ಎಸ್ ಓದಿಸಿಕೊಡುವ ಆ್ಯಪ್‌ಗಳಿವೆ, ಪ್ಯಾರಗಾನ್‌ನವರದ್ದು ಅವುಗಳಲ್ಲೊಂದು.

ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್ ಎಲ್ಲ ಕಡೆಯೂ ನಡೆಯುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ನಡೆಯುತ್ತದೆ ನಿಜ, ಆದರೆ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ನಮ್ಮ ಲೆಕ್ಕದಲ್ಲಿ ಅದು ಬರೀ ಅರ್ಧ ಗಂಟೆಯ ವಿಡಿಯೊ. ಪೀಠಿಕೆ ಮುಗಿಯುವಷ್ಟರಲ್ಲೇ 4 ಜಿಬಿ ತುಂಬಿದರೂ ತುಂಬಿತು. ಎಕ್ಸ್‌ಫ್ಯಾಟ್ 2006ರಲ್ಲಿ ಮೈಕ್ರೋಸಾಫ್ಟ್ ತಂದದ್ದು. 2019ರಲ್ಲಿ ಅದರ ವಿವರಗಳನ್ನು ಕಂಪನಿ ಬಹಿರಂಗ ಮಾಡಿದ ಮೇಲೆ ಆಂಡ್ರಾಯ್ಡಿನ ಬುಡದಲ್ಲಿರುವ ಲಿನಕ್ಸ್ ಕರ್ನೆಲ್ಲಿಗೂ ಸೇರಿತು. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಬಹಳಷ್ಟು, ಐಫೋನ್, ವಿಂಡೋಸ್, ಮ್ಯಾಕ್ ಎಲ್ಲವೂ ಅದನ್ನು ಓದಿ ಬರೆಯುತ್ತವೆ. ಅದರ ದೌರ್ಬಲ್ಯ ಜರ್ನಲ್, ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ದಿನಚರಿ ಇಲ್ಲದಿರುವುದು. ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಇಡೀ ಡೈರೆಕ್ಟರಿಯೇ ಕೆಡಬಹುದು. ಎಜೆಕ್ಟ್ ಒತ್ತದೆ ಕೇಬಲ್ ತೆಗೆಯಬಾರದು ಎನ್ನುವುದು ಎಕ್ಸ್‌ಫ್ಯಾಟ್‌ನಲ್ಲಿ ಇನ್ನೂ ಹೆಚ್ಚು ಸತ್ಯ.

ರೂಟರ್ ದಾರಿ ಬೇರೆಯದೇ ಕೆಲಸಕ್ಕೆ. ಹಿಂದೆ ಯುಎಸ್‌ಬಿ ಪೋರ್ಟ್ ಇರುವ ರೂಟರಿಗೆ ಡಿಸ್ಕ್ ಚುಚ್ಚಿ, ಹಂಚಿಕೆ ಆನ್ ಮಾಡಿದರೆ ಮನೆಯ ಎಲ್ಲ ಫೋನಿಗೂ ಅದು ಕಾಣುತ್ತದೆ. ಐಫೋನ್‌ನ ಫೈಲ್ಸ್‌ನಲ್ಲಿ ‘ಸರ್ವರ್‌ಗೆ ಸಂಪರ್ಕಿಸಿ’ ಎಂಬ ಆಯ್ಕೆ ಇದೆ. ಆಂಡ್ರಾಯ್ಡಿನಲ್ಲಿ ಸಾಲಿಡ್ ಎಕ್ಸ್‌ಪ್ಲೋರರ್‌ನಂಥ ಫೈಲ್ ಮ್ಯಾನೇಜರ್ ಹಾಕಿಕೊಳ್ಳಬೇಕು. ನೋಡುವುದಕ್ಕಷ್ಟೇ ಆದರೆ ವಿಎಲ್‌ಸಿ ಪ್ಲೇಯರೇ ಸಾಕು. ಅಮ್ಮ ಅಡುಗೆಮನೆಯಲ್ಲಿ ಹಳೆಯ ಪ್ರಸಂಗ ಹಾಕಿಕೊಂಡು ಕೇಳಲು ಇದರಷ್ಟು ಸುಖ ಬೇರೆ ಇಲ್ಲ, ಕೇಬಲ್ಲಿನ ಗೊಡವೆಯೇ ಇಲ್ಲ. ಆದರೆ ದಾಟಿಸುವ ಕೆಲಸಕ್ಕೆ ನಾನು ಇದನ್ನು ಬಳಸುವುದಿಲ್ಲ. 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಸೆಕೆಂಡಿಗೆ ಐದಾರು ಎಂಬಿ ಸಿಕ್ಕರೆ ಹೆಚ್ಚು, 50 ಜಿಬಿಗೆ ಎರಡೂವರೆ ಗಂಟೆಯಾದರೂ ಬೇಕು. 5 ಗಿಗಾಹರ್ಟ್ಸ್‌ನಲ್ಲಿ ವಾಸಿ, ಆದರೆ ರೂಟರಿನ ಪುಟ್ಟ ಪ್ರೊಸೆಸರೇ ತಡೆಯಾಗುತ್ತದೆ. ಹಳೆಯ ರೂಟರುಗಳಲ್ಲಿ ಎಸ್‌ಎಂಬಿ ಎಂಬ ಫೈಲ್ ಹಂಚಿಕೆ ವ್ಯವಸ್ಥೆಯ ಮೊದಲ ಆವೃತ್ತಿ ಮಾತ್ರ ಇರುವುದುಂಟು. ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿದ 2017ರ ವನ್ನಾಕ್ರೈ ದಾಳಿ ಹಬ್ಬಿದ್ದು ಅದೇ ಬಾಗಿಲಿನಿಂದ. ಅಂಥದ್ದಾದರೆ ಬಳಸದಿರುವುದೇ ಲೇಸು.

ಎಸ್‌ಎಸ್‌ಡಿ ವಿಷಯಕ್ಕೆ ಬಂದರೆ, ಗದ್ದೆಯ ಬದುವಿನಲ್ಲಿ ಕೂತು ಮಾಡುವ ಕೆಲಸಕ್ಕೆ ಇದಕ್ಕೆ ಸಾಟಿಯಿಲ್ಲ. ತಿರುಗುವ ಭಾಗ ಇಲ್ಲ, ಶುರುವಿನ ಎಳೆತ ಇಲ್ಲ, ಜೇಬಿನಲ್ಲಿ ಕುಲುಕಿದರೂ ಭಯವಿಲ್ಲ. ಸಾಟಾ ಎಂಬ ಹಳೆಯ ಬಗೆಯ ಎಸ್‌ಎಸ್‌ಡಿಯನ್ನು ಒಂದು ಎನ್‌ಕ್ಲೋಶರಿನಲ್ಲಿ (ಯುಎಸ್‌ಬಿ ಪೋರ್ಟ್ ಇರುವ ಹೊರಕವಚ) ಹಾಕಿದರೆ ಹೆಚ್ಚಿನ ಫೋನುಗಳು ಹಬ್ ಇಲ್ಲದೆಯೇ ಅದನ್ನು ಓಡಿಸುತ್ತವೆ. ಎನ್‌ವಿಎಂಇ ಎಂಬ ಹೊಸ ಬಗೆಯ ಎಸ್‌ಎಸ್‌ಡಿಯ ಎನ್‌ಕ್ಲೋಶರ್ ಇನ್ನೂ ವೇಗ, ಆದರೆ ಅದರ ಹಸಿವೂ ದೊಡ್ಡದು. ಬಿಸಿಯಾಗುತ್ತದೆ, ಕೆಲವು ಫೋನುಗಳಲ್ಲಿ ದೊಡ್ಡ ಫೈಲಿನ ನಡುವೆ ಸಂಪರ್ಕ ಕಡಿದುಕೊಳ್ಳುತ್ತದೆ. ಐಫೋನ್ 15ರ ಪೋರ್ಟ್ ಹೊರಗೆ ಕೊಡುವುದು 4.5 ವಾಟ್ ಮಾತ್ರ. ಯುಎಸ್‌ಬಿ 2.0 ಫೋನ್ ಇರುವವರು ಎನ್‌ವಿಎಂಇಗೆ ದುಡ್ಡು ಹಾಕುವುದು ವ್ಯರ್ಥ, ಪೋರ್ಟಿನಾಚೆ ಆ ವೇಗ ಬರುವುದೇ ಇಲ್ಲ.

ಹಾಗಿದ್ದರೂ ನಾನು ಹಾರ್ಡ್ ಡಿಸ್ಕ್ ಬಿಟ್ಟಿಲ್ಲ. ಅದೇ ದುಡ್ಡಿಗೆ ಎಷ್ಟೋ ಪಟ್ಟು ಹೆಚ್ಚು ಜಾಗ ಸಿಗುತ್ತದೆ ಎಂಬುದು ಒಂದು. ಇನ್ನೊಂದು, ವರ್ಷಗಟ್ಟಲೆ ಕಪಾಟಿನಲ್ಲಿ ಸುಮ್ಮನೆ ಇಡುವುದಕ್ಕೆ ಎಸ್‌ಎಸ್‌ಡಿ ಹೇಳಿ ಮಾಡಿಸಿದ್ದಲ್ಲ. ಬರೆಯುವ ಆಯುಸ್ಸು ಮುಗಿಸಿದ ಮನೆಬಳಕೆಯ ಎಸ್‌ಎಸ್‌ಡಿ ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಟ್ಟರೆ ಸಾಕು ಎನ್ನುವುದು ಮೆಮೊರಿ ಚಿಪ್‌ಗಳಿಗೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ನಿಯಮ. ಹೊಸದು ಅದಕ್ಕಿಂತ ಬಹಳ ಹೆಚ್ಚು ತಾಳುತ್ತದೆ. ಆದರೂ ಕರಾವಳಿಯ ಸೆಕೆಯಲ್ಲಿ ಅದನ್ನೊಂದನ್ನೇ ನಂಬಿ ಆಟಗಳನ್ನು ಇಡಲು ನನಗೆ ಮನಸ್ಸು ಬರುವುದಿಲ್ಲ. ಆಟದ ಜಾಗದಲ್ಲಿ ಎಸ್‌ಎಸ್‌ಡಿಗೆ, ಮನೆಗೆ ಬಂದು ಅದರಿಂದ ಹಬ್ ಮೂಲಕ ಹಾರ್ಡ್ ಡಿಸ್ಕಿಗೆ. ಹಬ್ಬಿನಲ್ಲಿ ಎರಡು ಪೋರ್ಟ್ ಇದ್ದರೆ ಫೋನೇ ಎರಡರ ನಡುವೆ ಕಾಪಿ ಮಾಡುತ್ತದೆ, ಆಗಲೂ ಕಂಪ್ಯೂಟರ್ ಬೇಡ. ಎರಡು ಡಿಸ್ಕನ್ನೂ ಒಟ್ಟಿಗೆ ತೋರಿಸದ ಫೋನುಗಳೂ ಇವೆ ಎಂಬುದು ನೆನಪಿರಲಿ.

ಮೇಜಿನ ಮೇಲಿಡುವ ಮೂರೂವರೆ ಇಂಚಿನ ದೊಡ್ಡ ಡಿಸ್ಕ್ ಇರುವವರು ಅದನ್ನು ಫೋನಿಗೆ ಆಗದ್ದು ಎಂದು ಬದಿಗಿಡಬೇಕಿಲ್ಲ. ಅದಕ್ಕೆ ತನ್ನದೇ 12 ವೋಲ್ಟ್ ಅಡಾಪ್ಟರ್ ಇರುವುದರಿಂದ ಫೋನಿನ ಕರೆಂಟಿಗೆ ಅದು ಕೈಯೊಡ್ಡುವುದೇ ಇಲ್ಲ. ಮನೆಯಲ್ಲಿ ಸಾದಾ ಓಟಿಜಿ ಅಡಾಪ್ಟರಿನಲ್ಲೇ ನಿರಾಳವಾಗಿ ನಡೆಯುತ್ತದೆ.

ಯಾವ ದಾರಿ ಹಿಡಿದರೂ ಫೋನಿನಲ್ಲಿ ‘ಮೂವ್’ ಒತ್ತಬೇಡಿ, ‘ಕಾಪಿ’ ಒತ್ತಿ. ಮುಗಿದ ಮೇಲೆ ಎಜೆಕ್ಟ್ ಮಾಡಿ, ಕೇಬಲ್ ತೆಗೆದು ಮತ್ತೆ ಹಾಕಿ. ಪ್ರತಿ ಫೈಲಿನ ಗಾತ್ರ ಎರಡೂ ಕಡೆ ಒಂದೇ ಇದೆಯೇ ನೋಡಿ, ಕೊನೆಯ ಫೈಲನ್ನು ಡಿಸ್ಕಿನಿಂದಲೇ ತೆರೆದು ಮಂಗಳದ ಪದ್ಯದವರೆಗೆ ಸರಿಸಿ ಕೇಳಿ. ಚೆಂಡೆ-ಮದ್ದಳೆ ತಡೆಯಿಲ್ಲದೆ ಕೇಳಿಸಿದರೆ ಆಗ ಫೋನಿನಿಂದ ಅಳಿಸಿ.